ಕಡತಗಳ ಆಯುಷ್ಯ

ಹೈದರಾಬಾದಿನ ಇಂದಿನ ಸುಲ್ತಾನ್ ಬಜಾರ್ 1933ರವರೆಗೆ ಬ್ರಿಟಿಷ್ ರೆಸಿಡೆನ್ಸಿಯ ಆಡಳಿತಕ್ಕೆ ಒಳಪಟ್ಟಿತ್ತು. ಆ ವರ್ಷ ಅದು ನಿಜಾಮರಿಗೆ ಮರಳಿತು. ರೆಸಿಡೆನ್ಸಿ ಇಂದಿಲ್ಲ, ಅದರ ಕಡತಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಉಳಿದಿವೆ. ಅಂದಿನ ಆಡಳಿತವನ್ನು ಅರಿಯಲು ಅವೇ ಆಧಾರ.

ಆದರೆ ಎಲ್ಲ ಕಾಗದಗಳನ್ನೂ ಉಳಿಸುವುದು ಅಸಾಧ್ಯ. ಯಾವ ಕಡತವನ್ನು ಎಷ್ಟು ವರ್ಷ ಇಡಬೇಕೆಂದು ಮೊದಲೇ ಗೊತ್ತುಪಡಿಸುವುದೇ ಸಂರಕ್ಷಣಾವಧಿ ಪಟ್ಟಿ. 1993ರ ಸಾರ್ವಜನಿಕ ದಾಖಲೆಗಳ ಅಧಿನಿಯಮದಂತೆ, ಕೇಂದ್ರ ಸರ್ಕಾರದ ಕಚೇರಿಗಳ ದಾಖಲೆ ಅಧಿಕಾರಿಗಳು ರಾಷ್ಟ್ರೀಯ ಪತ್ರಾಗಾರದೊಡನೆ ಸಮಾಲೋಚಿಸಿ ಇದನ್ನು ಸಿದ್ಧಪಡಿಸಬೇಕು. ಕಾಗದದ ಕಡತಗಳಲ್ಲಿ ಶಾಶ್ವತವಾಗಿ ಇಡತಕ್ಕವು ‘ಎ’ ಮತ್ತು ‘ಬಿ’ ವರ್ಗಕ್ಕೂ, ಗರಿಷ್ಠ 10 ವರ್ಷ ಇಡತಕ್ಕವು ‘ಸಿ’ ವರ್ಗಕ್ಕೂ ಸೇರುತ್ತವೆ. ಕಚೇರಿಯ ಕೆಲಸ ಬದಲಾದಂತೆ ಪಟ್ಟಿಯೂ ಹಳತಾಗುವುದರಿಂದ, 5 ವರ್ಷಗಳಿಗೊಮ್ಮೆಯಾದರೂ ಅದನ್ನು ಪರಿಶೀಲಿಸಬೇಕು.

1892ಕ್ಕೆ ಮುಂಚಿನ ದಾಖಲೆಗಳನ್ನು, ಅವು ಉಪಯೋಗಿಸಲಾರದಷ್ಟು ಜೀರ್ಣವಾಗಿರುವವೆಂದು ಪತ್ರಾಗಾರದ ಮುಖ್ಯಸ್ಥರು ಅಭಿಪ್ರಾಯಪಟ್ಟ ಹೊರತು, ನಾಶಪಡಿಸುವಂತಿಲ್ಲ. ನಿಯಮ ಮೀರಿ ದಾಖಲೆಗಳನ್ನು ನಾಶಪಡಿಸಿದವರಿಗೆ 5 ವರ್ಷಗಳವರೆಗೆ ಸೆರೆವಾಸ ವಿಧಿಸಲು ಅಧಿನಿಯಮದಲ್ಲಿ ಅವಕಾಶವಿದೆ.

ಅವಧಿಗೆ ಮುನ್ನ ಸುಟ್ಟುಹೋದ ಕಡತವೊಂದರಲ್ಲಿ ಒಬ್ಬ ನಿವೃತ್ತ ನೌಕರನ ಪಿಂಚಣಿಯ ಏಕೈಕ ಆಧಾರವಿರಬಹುದು. ಆದುದರಿಂದ ಈ ಪಟ್ಟಿ ಕೇವಲ ಕಚೇರಿಯ ಅನುಕೂಲಕ್ಕಲ್ಲ, ನಾಗರಿಕನ ಹಕ್ಕಿನ ರಕ್ಷಣೆಗೂ ಅವಶ್ಯಕ.