ಒಂದು ಚೆಕ್ಕಿಗೆ ಮುಗಿಯದ ಕಾಯಿಲೆ



‘ಮೋಟಾರ್ ನ್ಯೂರಾನ್ ಕಾಯಿಲೆ’ ಎಂದು ಬರೆದ ಅರ್ಜಿ ಬಂದರೆ ನಮ್ಮ ವೈದ್ಯಕೀಯ ನೆರವು ಸಮಿತಿಯಲ್ಲಿ ಕೇಳಿಬರುವ ಮೊದಲ ಮಾತು, “ಎರಡು ಮೂರು ವರ್ಷದ ಮಾತಲ್ಲವೇ?” ಎಂಬುದು. ನಾನೂ ಹಾಗೆಯೇ ತಿಳಿದಿದ್ದೆ. ಒಬ್ಬ ಯುವಕನಿಗೆ ಒಂದೇ ಕಂತು ಕೊಟ್ಟು ಕಡತ ಮುಚ್ಚಿದ್ದೆವು. ನಾಲ್ಕನೆಯ ವರ್ಷ ಅವನ ತಾಯಿ ಮತ್ತೆ ಬಂದರು. ಮಗ ಇದ್ದಾನೆ, ಹಣ ಮುಗಿದಿದೆ ಎಂದರು. ಆಮೇಲೆ ನಾನು ಈ ವಿಷಯ ಓದತೊಡಗಿದೆ.

ಮೆದುಳು, ಬೆನ್ನುಹುರಿಗಳಿಂದ ಸ್ನಾಯುಗಳಿಗೆ ಅಪ್ಪಣೆ ಒಯ್ಯುವ ನರಕೋಶಗಳು ಕ್ರಮೇಣ ಸಾಯುವುದೇ ಈ ಕಾಯಿಲೆ. ಅಪ್ಪಣೆ ಬಾರದ ಸ್ನಾಯು ಸೊರಗುತ್ತದೆ. ಹೆಚ್ಚಾಗಿ ಕಾಣುವ ಎ.ಎಲ್.ಎಸ್. ವಿಧದಲ್ಲಿ ಅನೇಕರು ಮೂರರಿಂದ ಐದು ವರ್ಷಗಳಲ್ಲಿ ತೀರಿಕೊಳ್ಳುವುದು ನಿಜ. ಆದರೆ ಸ್ಟೀಫನ್ ಹಾಕಿಂಗ್ ಅವರಿಗೆ 1963ರಲ್ಲಿ, 21ನೇ ವಯಸ್ಸಿನಲ್ಲಿ, ಎರಡು ವರ್ಷ ಎಂದಿದ್ದರು. ಅವರು 2018ರವರೆಗೆ ಬದುಕಿದರು. 1985ರ ನ್ಯುಮೋನಿಯಾದ ನಂತರ ಅವರಿಗೆ ಹಗಲಿರುಳು ದಾದಿಯರು ಬೇಕಾದರು. ಆ ಖರ್ಚಿಗೆ ಅಮೆರಿಕದ ಪ್ರತಿಷ್ಠಾನವೊಂದು ನೆರವಾಯಿತು.

ಅಷ್ಟು ದೂರ ಹೋಗಬೇಕಿಲ್ಲ. ನಮ್ಮ ಚೆನ್ನೈನ ಹಳೆಯ ಹೆಸರನ್ನೇ ಹೊತ್ತ ‘ಮದ್ರಾಸ್ ಮೋಟಾರ್ ನ್ಯೂರಾನ್ ಕಾಯಿಲೆ’ ಇದೆ. ಇಲ್ಲಿಯ ವೈದ್ಯರೇ 1970ರಲ್ಲಿ ಅದನ್ನು ವಿವರಿಸಿದರು. ರೋಗಿಗಳಲ್ಲಿ ಹೆಚ್ಚಿನವರು ದಕ್ಷಿಣ ಭಾರತದವರು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರೂ ಇಂಥವರನ್ನು ದೀರ್ಘಕಾಲ ಗಮನಿಸಿ ಬರೆದಿದ್ದಾರೆ. ಸಾಮಾನ್ಯವಾಗಿ ಮೂವತ್ತು ತುಂಬುವ ಮೊದಲೇ ಶುರು. ಕೈಕಾಲು ಸಣ್ಣಗಾಗುತ್ತವೆ, ಮುಖದ ಸ್ನಾಯು ಸೋಲುತ್ತದೆ, ಮಾತು ತೊದಲುತ್ತದೆ, ನುಂಗುವುದು ಕಷ್ಟ. ಹಲವರಿಗೆ ಕಿವಿಯೂ ಮಂದ. ಆದರೆ ಕಾಯಿಲೆಯ ನಡಿಗೆ ಆಮೆಯದು. ದಶಕಗಳ ಕಾಲ ಬದುಕುವವರಿದ್ದಾರೆ.

ಇನ್ನೊಂದು ಮಾತು. ಇದನ್ನೇ ಹೋಲುವ, ಕಿವಿ ಮಂದವಾಗುವ ಮತ್ತೊಂದು ಅಪರೂಪದ ಕಾಯಿಲೆಗೆ ರೈಬೋಫ್ಲೇವಿನ್, ಅಂದರೆ ಬಿ2 ವಿಟಮಿನ್, ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ಗುಣ ಕಾಣುವುದುಂಟು. ಆದ್ದರಿಂದ ಚೀಟಿಯಲ್ಲಿ ಹೆಸರು ಬರೆದಾಯಿತೆಂದು ಸುಮ್ಮನಾಗದೆ ನರರೋಗ ತಜ್ಞರನ್ನು ಈ ಬಗ್ಗೆ ಕೇಳಿ. ಸ್ವಂತವಾಗಿ ಮಾತ್ರೆ ನುಂಗಬೇಡಿ.

ಬ್ಯಾಂಕಿನಲ್ಲಿ ದುಡಿದವನಿಗೆ ಎಲ್ಲವೂ ಖಾತೆಯಾಗಿಯೇ ಕಾಣುತ್ತದೆ, ಕ್ಷಮಿಸಿ. ಹೃದಯದ ಶಸ್ತ್ರಚಿಕಿತ್ಸೆಗೆ ಒಂದು ದೊಡ್ಡ ಚೆಕ್ ಬೇಕು. ಇಲ್ಲಿ ಬೇಕಾದದ್ದು ರಿಕರಿಂಗ್ ಡಿಪಾಸಿಟ್ಟಿನಂತೆ ತಿಂಗಳು ತಪ್ಪದ ಸಣ್ಣ ಮೊತ್ತ: ಫಿಸಿಯೋಥೆರಪಿ, ಶ್ರವಣಯಂತ್ರದ ಬ್ಯಾಟರಿ, ಮೆತ್ತನೆಯ ಆಹಾರ, ಆಟೋ ಬಾಡಿಗೆ, ಮನೆಯಲ್ಲಿ ನೋಡಿಕೊಳ್ಳುವವರ ಸಂಬಳ. ಆಸ್ಪತ್ರೆಗೆ ಸೇರದ ದಿನಗಳ ಇಂಥ ಖರ್ಚನ್ನು ಸಾಮಾನ್ಯ ವಿಮೆ ಕೊಡುವುದಿಲ್ಲ.

ಆ ಯುವಕನ ಕಡತವನ್ನು ಮತ್ತೆ ತೆರೆದಿದ್ದೇವೆ. ನೆರವಾಗುವವರು ದೇಣಿಗೆ ಚೀಟಿಯಲ್ಲಿ ‘ಪ್ರತಿ ತಿಂಗಳು’ ಎಂದು ಬರೆಯಿರಿ. ಮೊತ್ತ ಚಿಕ್ಕದಾದರೂ ಸರಿ, ಎಷ್ಟು ವರ್ಷ ಕೊಡಬಲ್ಲಿರಿ ಎಂಬುದನ್ನೂ ಸೇರಿಸಿ.