ನಕಾಶೆಯ ಕೆಂಪೂ ಹಸಿರೂ

2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತಣ ಮಕ್ಕಂದೂರು, ಜೋಡುಪಾಲ, ಮದೆನಾಡುಗಳಲ್ಲಿ ಮನೆಗಳೂ ಕಾಫಿ ತೋಟಗಳೂ ಮಣ್ಣುಪಾಲಾದಂದಿನಿಂದ ಭೂಕುಸಿತ ಸಂಭಾವ್ಯತೆಯ ನಕಾಶೆಯೆಂಬ ಮಾತು ನಮ್ಮಲ್ಲಿಯೂ ಕಿವಿಗೆ ಬೀಳತೊಡಗಿದೆ. ಆದರೆ ಅದನ್ನು ಪಂಚಾಂಗದಂತೆ ಓದುವವರೇ ಹೆಚ್ಚು. ಕೆಂಪು ಬಳಿದೆಡೆ ಈ ಮಳೆಗಾಲದಲ್ಲಿಯೇ ಗುಡ್ಡ ಜರಿಯುವುದು, ಹಸಿರು ಬಳಿದೆಡೆ ನಿಶ್ಚಿಂತೆಯಿಂದ ಮನೆ ಕಟ್ಟಬಹುದು ಎಂಬುದು ಅವರ ನಂಬಿಕೆ.

ಹಿಂದೆ ಕುಸಿದ ತಾಣಗಳನ್ನು ಗುರುತುಹಾಕಿ, ಅಲ್ಲಿನ ಇಳಿಜಾರು, ಶಿಲೆ, ಮಣ್ಣಿನ ಆಳ, ತೊರೆಯ ಸಾಮೀಪ್ಯ, ಭೂಬಳಕೆ ಇವುಗಳನ್ನು ತಾಳೆನೋಡಿ, ಎಂತಹ ನೆಲದಲ್ಲಿ ಅದರ ಪಾಲಿಗೆ ಮೀರಿ ಕುಸಿತಗಳಾಗಿವೆಯೆಂದು ಎಣಿಸುವುದೇ ಈ ನಕಾಶೆಯನ್ನು ರಚಿಸುವ ಸಂಖ್ಯಾಶಾಸ್ತ್ರೀಯ ವಿಧಾನದ ತಿರುಳು. ತಾಲ್ಲೂಕೊಂದರ ಶೇಕಡ 10ರಷ್ಟು ನೆಲವನ್ನು ಮಾತ್ರ ಆವರಿಸಿದ ಒಂದು ಬಗೆಯ ಇಳಿಜಾರಿನಲ್ಲಿ ಶೇಕಡ 30ರಷ್ಟು ಕುಸಿತಗಳು ಕಂಡುಬಂದರೆ ಅದರ ಅನುಪಾತ 3. 1ಕ್ಕಿಂತ ಕಡಮೆಯಾದರೆ ಆ ನೆಲ ಹೋಲಿಕೆಯಲ್ಲಿ ಸ್ಥಿರ. ಇಂತಹ ಅಂಕಗಳನ್ನು ಕೂಡಿಸಿ ಬಳಿದ ಬಣ್ಣ ನೆಲನೆಲಗಳ ತಾರತಮ್ಯವನ್ನು ಸೂಚಿಸೀತೇ ಹೊರತು ತಿಥಿಯನ್ನಲ್ಲ. ಅದು ಮಳೆಯ ಕೈಯಲ್ಲಿದೆ.

ಕಡಿದಾದಷ್ಟೂ ಅಪಾಯವೆಂಬುದು ಅರೆಸತ್ಯ. ನೆಟ್ಟನೆಯ ಬಂಡೆಯ ಮೈಮೇಲೆ ಮಣ್ಣೇ ನಿಲ್ಲದಿರುವುದರಿಂದ ಅಲ್ಲಿ ಜಾರಲು ಸರಕಿಲ್ಲ (ಬಂಡೆಯೇ ಉರುಳಿದರೆ ಅದು ಬೇರೆಯ ಮಾತು). ದಪ್ಪ ಮಣ್ಣು ಹೊದೆದ ನಡುತರದ ಇಳಿಜಾರಿನ ಬುಡವನ್ನು ರಸ್ತೆಗೋ ಮನೆಗೋ ಕೊರೆದಲ್ಲಿ, ನೀರು ಕುಡಿದು ಭಾರವಾದ ಬರೆ ಜರಿಯುವ ಸಂಭವ ಎಷ್ಟೋ ಅಧಿಕ.

ಹಸಿರಿನ ಭ್ರಮೆ ಇದಕ್ಕಿಂತಲೂ ಘೋರವಾದುದು. 2024ರ ಜುಲೈ 30ರಂದು ವಯನಾಡಿನಲ್ಲಿ ಸುಮಾರು 1,550 ಮೀಟರು ಎತ್ತರದಲ್ಲಿ ಬಿರಿದ ಗುಡ್ಡದ ಮಣ್ಣೂ ಬಂಡೆಗಳೂ ಹೊಳೆಯ ಪಾತ್ರವನ್ನೇ ಹಾದಿ ಮಾಡಿಕೊಂಡು ಸುಮಾರು 8 ಕಿಲೋಮೀಟರು ಹರಿದು ಮುಂಡಕ್ಕೈ, ಚೂರಲ್‌ಮಲೆಗಳನ್ನು ಕೊಚ್ಚಿಹಾಕಿದುವು. ಕುಸಿತ ಎಲ್ಲಿ ಹುಟ್ಟೀತೆಂಬುದನ್ನಷ್ಟೇ ಇಂತಹ ನಕಾಶೆ ತಿಳಿಸುವುದು. ಹುಟ್ಟಿದ್ದು ಎಲ್ಲಿಯವರೆಗೆ ನಡೆದೀತೆಂಬುದಕ್ಕೆ ಬೇರೆಯೇ ಗಣಿತ ಬೇಕು.

ಎಣಿಕೆಯಲ್ಲಿಯೂ ಪಕ್ಷಪಾತವುಂಟು. ಹೆದ್ದಾರಿಯ ಮೇಲೆ ಬಿದ್ದ ಮಣ್ಣು ಅಂದೇ ದಾಖಲೆ ಸೇರುತ್ತದೆ. ಶೋಲೆ ಕಾಡಿನೊಳಗೆ ಜರಿದುದಕ್ಕೆ ಆನೆಗಳೇ ಸಾಕ್ಷಿ. ಉಪಗ್ರಹ ಚಿತ್ರಗಳು ಈ ಕೊರತೆಯನ್ನು ತುಸು ನೀಗಿವೆಯಾದರೂ ದಟ್ಟಡವಿಯ ಕೆಳಗಣ ಸಣ್ಣ ಗಾಯಗಳು ಅವಕ್ಕೂ ಕಾಣವು.

ಇನ್ನು, ತಮ್ಮ ಅಂಗಳ ಕೆಂಪಿನಲ್ಲಿದೆಯೋ ಹಸಿರಿನಲ್ಲಿದೆಯೋ ಎಂದು ಬೆರಳಿಟ್ಟು ಹುಡುಕುವವರಿಗೆ ಒಂದು ಲೆಕ್ಕ: ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ದೇಶದ ಗುಡ್ಡಗಾಡುಗಳಿಗೆ ಸಿದ್ಧಪಡಿಸಿದ ನಕಾಶೆಯ ಪ್ರಮಾಣ 1:50,000, ಅದರಲ್ಲಿ 10 ಮೀಟರು ಅಗಲದ ಮನೆಯೊಂದು ಮಿಲಿಮೀಟರಿನ ಐದರಲ್ಲೊಂದು ಪಾಲು, ಹುಡುಕುವ ಬೆರಳಿನ ಕೆಳಗೆ ಇಡಿಯ ಊರೇ ಮರೆಯಾಗಿರುತ್ತದೆ.