ಆಟಿಕೆಗೆ ಹುಡುಗ-ಹುಡುಗಿ ಅಂತ ಉಂಟಾ?

ಮಕ್ಕಳೇ, ಹುಟ್ಟುಹಬ್ಬ ಹತ್ತಿರ ಬಂದ್ರೆ ನೀವೇನು ಮಾಡ್ತೀರಿ? ಅಮ್ಮನ ಫೋನ್ ತೆಗೊಂಡು ಆನ್‌ಲೈನ್ ಅಂಗಡಿಯಲ್ಲಿ ಆಟಿಕೆ ಹುಡುಕ್ತೀರಿ, ಅಲ್ವಾ? ನಮ್ಮ ಮನೆಯಲ್ಲೂ ಅದೇ. ಮಗಳಿಗೆ ಏಳು ತುಂಬುವಾಗ ಅವಳು ಕೇಳಿದ್ದು ಒಂದು ಕ್ರೇನ್. ನಾನು ಅಭ್ಯಾಸದ ಮೇಲೆ ‘ಹುಡುಗಿಯರು’ ಅನ್ನುವ ಚೌಕಕ್ಕೆ ಗುರುತು ಹಾಕಿ ಹುಡುಕಿದೆ. ಗೊಂಬೆ, ಕಿರೀಟ, ಪುಟ್ಟ ಅಡುಗೆಮನೆ ಎಲ್ಲ ಸಾಲಾಗಿ ಬಂದವು. ಕ್ರೇನ್ ಒಂದೂ ಇಲ್ಲ. “ಖಾಲಿಯಾಗಿದೆ ಪುಟ್ಟೀ” ಅಂದೆ. ಅವಳು ಪರದೆಯನ್ನೇ ನೋಡಿ, “ಹುಡುಗಿಯರಿಗೆ ಕೊಡೋದಿಲ್ವಾ ಅಮ್ಮಾ?” ಅಂದಳು. ಗುರುತು ತೆಗೆದೆ. ಹತ್ತಾರು ಕ್ರೇನ್‌ಗಳು ಬಂದವು!

ಅಷ್ಟು ಹೊತ್ತು ಅವೆಲ್ಲಿ ಅಡಗಿದ್ದವು? ಇಂಥ ಅಂಗಡಿಗೆ ಸಾಮಾನು ಹಾಕುವಾಗ ಮಾರುವವರು ಒಂದು ಫಾರಂ ತುಂಬಬೇಕು. ಹೆಸರು, ಬೆಲೆ, ಬಣ್ಣ, ವಯಸ್ಸು. ಕೆಲವು ಕಡೆ ‘ಹುಡುಗ, ಹುಡುಗಿ, ಇಬ್ಬರಿಗೂ’ ಅನ್ನುವ ಕಾಲಂ ಕೂಡ ಇರುತ್ತದೆ. ಅಲ್ಲಿ ಅವರು ‘ಹುಡುಗ’ ಅಂತ ಬರೆದರೆ ಮುಗೀತು. ಕಂಪ್ಯೂಟರ್ ಜರಡಿಯ ಹಾಗೆ ಕೆಲಸ ಮಾಡುತ್ತದೆ, ಯಾಕೆ ಅಂತ ಕೇಳೋದಿಲ್ಲ. ಮೇಲಿಂದ, ಜನ ಹೆಚ್ಚು ಒತ್ತಿದ್ದನ್ನೇ ಅದು ಮೊದಲು ತೋರಿಸುತ್ತದೆ. ಕಣ್ಣಿಗೆ ಬೀಳದ ಕ್ರೇನನ್ನು ಯಾವ ಹುಡುಗಿ ಒತ್ತಿಯಾಳು? ಗೊಂಬೆಗೆ ಜಡೆ ಹಾಕುವ ಆಸೆಯಿರುವ ಹುಡುಗನಿಗೂ ಇದೇ ಪಾಡು.

ಗುಲಾಬಿ ಹುಡುಗಿಯರಿಗೆ, ನೀಲಿ ಹುಡುಗರಿಗೆ ಅನ್ನೋದೂ ತೀರಾ ಹಳೆಯ ನಿಯಮವಲ್ಲ. 1918ರಲ್ಲಿ ಅಮೆರಿಕದ ಒಂದು ಮಕ್ಕಳುಡುಪಿನ ವ್ಯಾಪಾರ ಪತ್ರಿಕೆ ಇದಕ್ಕೆ ಸರಿಯಾಗಿ ತಿರುವುಮುರುವಾಗಿ ಸಲಹೆ ಕೊಟ್ಟಿತ್ತು! ಲೆಗೋ ಕಂಪನಿಯವರು ತಮ್ಮ ಆಟಿಕೆಗಳಿಂದ ಗಂಡು-ಹೆಣ್ಣಿನ ಪೂರ್ವಗ್ರಹ ತೆಗೆಯುತ್ತೇವೆ ಅಂತ 2021ರಲ್ಲಿ ಹೇಳಿದರು. ಕ್ಯಾಲಿಫೋರ್ನಿಯಾದಲ್ಲಿ 500 ಅಥವಾ ಹೆಚ್ಚು ನೌಕರರಿರುವ ದೊಡ್ಡ ಅಂಗಡಿಗಳು 2024ರಿಂದ ಇಬ್ಬರಿಗೂ ಸೇರಿದ ಒಂದು ಆಟಿಕೆ ವಿಭಾಗ ಇಡಲೇಬೇಕು. ಆದರೆ ಆ ಕಾನೂನು ಇರುವುದು ಬಾಗಿಲು, ಕಪಾಟು ಇರುವ ಅಂಗಡಿಗೆ. ನಿಮ್ಮ ಫೋನಿನೊಳಗಿನ ಅಂಗಡಿಗೆ ಅಲ್ಲ.

ಇದೆಲ್ಲ ಈಗಿನವರ ತಪ್ಪು, ಹಿಂದೆ ಚೆನ್ನಾಗಿತ್ತು ಅಂತ ನಾನು ಹೇಳಲಾರೆ. ಇಲ್ಲಿ ಮೆಲಾಕಾದಲ್ಲಿ ನೀವು ನೋಡಿರುವ ಚೊಂಕಾಕ್ ನಮ್ಮ ಚೆನ್ನೆಮಣೆಯ ನೆಂಟ. ಎರಡರಲ್ಲೂ ಸಾಮಾನ್ಯವಾಗಿ ಒಂದೊಂದು ಬದಿಗೆ ಏಳೇಳು ಗುಳಿ. ಚೊಂಕಾಕ್‌ನಲ್ಲಿ ಎರಡು ತುದಿಗೆ ಒಂದೊಂದು ದೊಡ್ಡ ‘ಮನೆ’ ಹೆಚ್ಚಿಗೆ ಉಂಟು. ಪುತ್ತೂರಿನ ನಮ್ಮ ಅಜ್ಜಿಮನೆಯಲ್ಲಿ ಆಟಿ ತಿಂಗಳ ಮಳೆಗೆ ಚೆನ್ನೆಮಣೆ ಅಟ್ಟದಿಂದ ಇಳಿಯುತ್ತಿತ್ತು. ಆಡುತ್ತಿದ್ದವರು ಹೆಚ್ಚಾಗಿ ಹೆಂಗಸರೇ. ಬುಗುರಿ ಮಾತ್ರ ಹುಡುಗರ ಕೈಯಲ್ಲಿ. ಮಲಯರಲ್ಲೂ ಚೊಂಕಾಕ್ ಹೆಚ್ಚಾಗಿ ಹೆಣ್ಣುಮಕ್ಕಳದ್ದು, ಗಾಸಿಂಗ್ ಅನ್ನುವ ಬುಗುರಿ ಗಂಡಸರದ್ದು. ಆದರೂ ಮಣೆ ಜಗಲಿಯಲ್ಲೇ ಇರುತ್ತಿತ್ತು, ಎಲ್ಲರಿಗೂ ಕಾಣುತ್ತಿತ್ತು. ನನ್ನ ಅಣ್ಣ ಪಕ್ಕದಲ್ಲಿ ಕೂತು ನೋಡಿಯೇ ಕಲಿತ. ಆಮೇಲೆ ಅಜ್ಜಿಯನ್ನೇ ಸೋಲಿಸಿದ! ಫೋನಿನ ಜರಡಿಯಲ್ಲಿ ಹಾಗೆ ಪಕ್ಕದಲ್ಲಿ ಕೂರಲು ಜಾಗವಿಲ್ಲ.

ಈ ವಾರ ಅಪ್ಪ ಅಮ್ಮನ ಜೊತೆ ಕೂತು ಒಂದೇ ಆಟಿಕೆಯನ್ನು ಮೂರು ಸಲ ಹುಡುಕಿ. ‘ಹುಡುಗ’ ಅಂತ ಹಾಕಿ, ‘ಹುಡುಗಿ’ ಅಂತ ಹಾಕಿ, ಏನೂ ಹಾಕದೆ. ಎಷ್ಟೆಷ್ಟು ಸಿಕ್ಕಿತು ಬರೆದಿಡಿ, ಒಂದೇ ಸಾಮಾನಿಗೆ ಬಣ್ಣ ಬದಲಾದಾಗ ಬೆಲೆಯೂ ಬದಲಾಯಿತೇ ನೋಡಿ. ದೊಡ್ಡವರೇ, ವಯಸ್ಸಿನ ಕಾಲಂ ಮಾತ್ರ ಬಿಡಬೇಡಿ. ಮೂರು ವರ್ಷದೊಳಗಿನ ತಮ್ಮ ತಂಗಿ ಮನೆಯಲ್ಲಿದ್ದರೆ ಸಣ್ಣ ಬಿಡಿಭಾಗ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಆ ಜರಡಿ ನಿಜಕ್ಕೂ ಬೇಕು.